ಸ್ಕೀಯಿಂಗ್‌ಗೆ ಹೋಗೋರೇ, ಮೊದಲು ಆ ಕಾಟನ್ ಬನಿಯನ್ ಬಿಚ್ಚಿಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಹೆಲ್ಮೆಟ್ ಬಗ್ಗೆ ಮಾತಾಡ್ಬೇಕಿತ್ತು. ಎಲ್ಲಾ ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಹೋದ ವಿಡಿಯೋ ಕೆಳಗೆ ಒಂದು ಕಮೆಂಟ್ ಬಂತು. ಓದ್ತೀನಿ ಕೇಳಿ. "ಸರ್, ಸುಮ್ನೆ ಜನರ ತಲೆ ಕೆಡಿಸ್ಬೇಡಿ. ಒಳಗೆ ಎರಡು ಕಾಟನ್ ಬನಿಯನ್, ಮೇಲೊಂದು ದಪ್ಪ ಜಾಕೆಟ್. ಸ್ಕೀಯಿಂಗ್‌ಗೆ ಅಷ್ಟು ಸಾಕು." ಅದಕ್ಕೆ ಸಾಲುಸಾಲು ಲೈಕು. ಕೆಳಗೆ ಇನ್ನೊಬ್ಬರು "ಕರೆಕ್ಟಾಗಿ ಹೇಳಿದ್ರಿ ಬ್ರದರ್" ಅಂತ ಬೇರೆ.

ಎರಡು ಬನಿಯನ್ ಅಂತೆ. ಒಂದು ಸಾಲದು ಅಂತ ಎರಡು!

ಹೆಲ್ಮೆಟ್ ಮುಂದಿನ ವಾರ ನೋಡ್ಕೊಳ್ಳೋಣ. ಇವತ್ತು ನನಗೆ ಹೇಳೋಕೆ ಇರೋದು ಒಂದೇ ಮಾತು. ಹಿಮದ ಮೇಲೆ ಕಾಟನ್ ನಿಮ್ಮ ಮೈಗೆ ತಾಗಬಾರದು. ಬನಿಯನ್ ಇರಲಿ, ಟೀ ಶರ್ಟ್ ಇರಲಿ, ಚಡ್ಡಿ ಇರಲಿ, ಸಾಕ್ಸ್ ಇರಲಿ, ಯಾವುದೂ ಕಾಟನ್ ಆಗಬಾರದು. ನಿಮ್ಮನ್ನ ನಡುಗಿಸೋದು ಹಿಮ ಅಂತ ನೀವು ಅಂದ್ಕೊಂಡಿದ್ದೀರಿ. ಅಲ್ಲ. ನಿಮ್ಮದೇ ಬೆವರು. ಆ ಬೆವರನ್ನ ಬಿಡದೆ ಮೈಗಂಟಿಸಿ ಹಿಡ್ಕೊಳ್ಳೋದು ನಿಮ್ಮದೇ ಬನಿಯನ್.

"ಹಿಮದಲ್ಲಿ ಎಲ್ಲಿಯ ಬೆವರು ಸ್ವಾಮಿ?" ಅಂತ ಕೇಳೋರಿದ್ದಾರೆ. ಅವರು ಸ್ಕೀ ಹೆಗಲ ಮೇಲೆ ಹೊತ್ತು, ಆ ಗಟ್ಟಿ ಬೂಟು ಹಾಕ್ಕೊಂಡು, ಗಾಡಿ ನಿಲ್ಲಿಸಿದ ಜಾಗದಿಂದ, ಬೆಟ್ಟದ ಮೇಲಕ್ಕೆ ಕರ್ಕೊಂಡು ಹೋಗೋ ಲಿಫ್ಟ್ ತನಕ ಒಂದು ಸಲ ನಡೆದು ನೋಡಲಿ. ಅಲ್ಲಿಗೆ ಹೋಗೋಷ್ಟರಲ್ಲೇ ಬೆನ್ನು ಒದ್ದೆ. ಹೊಸಬರ ಕಥೆಯಂತೂ ಇನ್ನೂ ಕಷ್ಟ. ಬೀಳಬೇಕು, ಏಳಬೇಕು, ಕಳಚಿಕೊಂಡ ಸ್ಕೀ ತರೋಕೆ ಮೇಲಕ್ಕೆ ಹತ್ತಬೇಕು, ಮತ್ತೆ ಬೀಳಬೇಕು. ಚೆನ್ನಾಗಿ ಆಡೋರಿಗಿಂತ ಕಲಿಯೋರು ಜಾಸ್ತಿ ಬೆವರ್ತಾರೆ. ಕಾಟನ್ ಹಾಕ್ಕೊಂಡು ಬರೋರೂ ಅವರೇ. ನನಗೆ ಹೊಟ್ಟೆ ಉರಿಯೋದು ಅದಕ್ಕೇ. ಮೊದಲನೇ ದಿನವೇ ನಡುಗಿ, ಹಲ್ಲು ಕಡಿದು, "ಇದು ನಮ್ಮಂಥವರಿಗಲ್ಲ" ಅಂತ ವಾಪಸ್ ಹೋಗಿಬಿಡ್ತಾರೆ. ತಪ್ಪು ಅವರದ್ದಲ್ಲ, ಬನಿಯನ್‌ದು!

ಬೆವರೋದರಲ್ಲೇ ಕಥೆ ಮುಗಿಯಲ್ಲ. ಮುಂದೆ ಲಿಫ್ಟ್ ಇದೆ. ಜಗತ್ತಿನ ಮೊದಲ ಚೇರ್‌ಲಿಫ್ಟ್, ಅಂದ್ರೆ ತಂತಿಗೆ ತೂಗುಹಾಕಿದ ಕುರ್ಚಿಗಳ ಲಿಫ್ಟ್, ಅಮೆರಿಕದ ಐಡಾಹೋ ರಾಜ್ಯದ ಸನ್ ವ್ಯಾಲಿಯಲ್ಲಿ 1936ರಲ್ಲಿ ಶುರುವಾಯ್ತು. ಬೆಟ್ಟವನ್ನ ನಡೆದು ಹತ್ತಿ ಜಾರೋರಿಗೆ ಮೈ ತಣ್ಣಗಾಗೋಕೆ ಪುರುಸೊತ್ತೇ ಇರ್ತಿರಲಿಲ್ಲ. ಈಗ ಹಾಗಲ್ಲ. ಜೋರಾಗಿ ಇಳೀತೀರಿ, ತೊಡೆ ಉರಿಯುತ್ತೆ, ಬೆವರು ಬರುತ್ತೆ. ತಕ್ಷಣ ಕುರ್ಚಿ ಮೇಲೆ ಕೂತು, ಕೈಕಾಲು ಆಡಿಸದೆ, ಗಾಳಿಗೆ ಎದೆಕೊಟ್ಟು ಮೇಲಕ್ಕೆ ಹೋಗ್ತೀರಿ. ಹೊರಗೆ ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸ್ತಿದ್ರೆ, ತೆರೆದ ಚರ್ಮಕ್ಕೆ ಅದು ಮೈನಸ್ 21ರಷ್ಟು ಚಳಿ. ಕುದಿಯೋದು, ಕೂರೋದು, ಮತ್ತೆ ಕುದಿಯೋದು, ಮತ್ತೆ ಕೂರೋದು. ಇಡೀ ದಿನ ಇದೇ. ಇಂಥ ಆಟಕ್ಕೆ ಒದ್ದೆ ಬನಿಯನ್ನಾ?

ಈಗ ಲೆಕ್ಕ ಕೇಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಶಾಖ ಸಾಗಿಸುತ್ತೆ. ಬಟ್ಟೆ ನಮ್ಮನ್ನ ಬೆಚ್ಚಗಿಡೋದೇ ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ ಬಟ್ಟೆಯ ಕೆಲಸವೇ ಮುಗೀತು. ಇನ್ನು ಬೆವರು ಆವಿಯಾಗೋಕೆ ಒಂದು ಗ್ರಾಂಗೆ ಸುಮಾರು 2,400 ಜೂಲ್ ಶಾಖ ಬೇಕು. ಅದು ಎಲ್ಲಿಂದ ಬರ್ಬೇಕು? ಹೆಚ್ಚಿನ ಪಾಲು ನಿಮ್ಮ ಮೈಯಿಂದಲೇ. ನಿಮ್ಮ ಬನಿಯನ್‌ನಲ್ಲಿ 100 ಮಿಲಿಲೀಟರ್ ಬೆವರು ನಿಂತಿದೆ ಅಂತಿಟ್ಕೊಳ್ಳಿ. ಅದಷ್ಟೂ ಆವಿಯಾಗೋಕೆ ಬೇಕಾದ ಶಾಖ, 70 ಕೆಜಿ ಮನುಷ್ಯನ ಇಡೀ ದೇಹದ ತಾಪವನ್ನ ಒಂದು ಡಿಗ್ರಿ ಇಳಿಸುವಷ್ಟು. ದೇಹ ಸುಮ್ಮನಿರಲ್ಲ, ಹೊಸ ಕಾವು ಹುಟ್ಟಿಸಿ ಹೋರಾಡುತ್ತೆ, ನಿಜ. ಆ ಹೋರಾಟಕ್ಕೇ ನಡುಕ ಅನ್ನೋದು! ನಮ್ಮ ದೇಹ 37ರ ಆಸುಪಾಸಿನಲ್ಲಿರುತ್ತೆ, ಒಳಗಿನ ತಾಪ 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನ ಹೈಪೊಥರ್ಮಿಯಾ ಅಂತಾರೆ. ನಡುವೆ ಇರೋದು ಎರಡೇ ಡಿಗ್ರಿ.

"ಕಾಟನ್ ಮೈಗೆ ಹಿತ ಸರ್, ಗಾಳಿಯಾಡುತ್ತೆ." ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹಿತ ಹೌದು, ಸೆಕೆಯಲ್ಲಿ! ಬೆವರು ಹೀರಿ, ಹಿಡಿದಿಟ್ಟು, ನಿಧಾನವಾಗಿ ಆರಿ ಮೈ ತಂಪು ಮಾಡುತ್ತೆ ಅಂತಲೇ ಬೇಸಿಗೆಯಲ್ಲಿ ಕಾಟನ್ ಹಾಕೋದು. ಜ್ವರ ಬಂದವರ ಹಣೆ ಮೇಲೆ ಒದ್ದೆ ಕಾಟನ್ ಬಟ್ಟೆ ಹಾಕ್ತೀವಲ್ಲ, ಕಾವು ಇಳೀಲಿ ಅಂತ? ಆ ಬಟ್ಟೇನ ಎದೆಗೂ ಬೆನ್ನಿಗೂ ಸುತ್ತಿಕೊಂಡು ಬೆಟ್ಟದ ತುದಿಯ ಗಾಳಿಗೆ ಹೋಗ್ತಿದ್ದೀರಿ ನೀವು. ಅದೂ ಎರಡು ಪದರ!

ಹಾಗಾದ್ರೆ ಏನು ಹಾಕ್ಬೇಕು? ಪಾಲಿಯೆಸ್ಟರ್ ಥರ್ಮಲ್, ಅಂದ್ರೆ ಚಳಿಗೆ ಮೈಗಂಟಿ ಹಾಕೋ ಒಳಬಟ್ಟೆ ಹಾಕಿ, ಇಲ್ಲ ಮೆರಿನೋ ಕುರಿಯ ನಯವಾದ ಉಣ್ಣೆ ಹಾಕಿ. ಪಾಲಿಯೆಸ್ಟರ್ ಎಳೆ ತನ್ನ ತೂಕದ ನೂರಕ್ಕೆ ಅರ್ಧದಷ್ಟು ತೇವವನ್ನೂ ಒಳಗೆ ಬಿಟ್ಟುಕೊಳ್ಳಲ್ಲ. ಬೆವರು ಎಳೆಗಳ ನಡುವೆ ಹರಿದು ಬಟ್ಟೆಯ ಹೊರಮೈಗೆ ಹೋಗುತ್ತೆ, ಅಲ್ಲಿ ಬೇಗ ಆರುತ್ತೆ. ಉಣ್ಣೆಯ ದಾರಿ ಬೇರೆ. ಅದು ತನ್ನ ತೂಕದ ನೂರಕ್ಕೆ 30ರಷ್ಟು ತೇವವನ್ನ ಎಳೆಯ ಒಳಗೇ ಅಡಗಿಸಿಕೊಂಡರೂ ಮೈಗೆ ಒದ್ದೆ ಅನ್ನಿಸಲ್ಲ, ವಾಸನೆಯೂ ಬೇಗ ಹಿಡಿಯಲ್ಲ. ನನ್ನ ಓಟು ಮೆರಿನೋಗೆ. ಆದ್ರೆ ಪಾಲಿಯೆಸ್ಟರ್ ಹಾಕೋರ ಜೊತೆ ನನಗೆ ಜಗಳ ಇಲ್ಲ. ಜಗಳ ಇರೋದು ಕಾಟನ್ ಜೊತೆ ಮಾತ್ರ. ಇದರ ಮೇಲೆ ಒಂದು ಫ್ಲೀಸ್, ಅಂದ್ರೆ ಮೆತ್ತನೆಯ ಬೆಚ್ಚನೆ ಜಾಕೆಟ್, ಅದರ ಮೇಲೆ ಗಾಳಿ-ನೀರು ತಡೆಯೋ ಶೆಲ್ ಜಾಕೆಟ್. ಅಷ್ಟೇ. ಇದನ್ನೆಲ್ಲ ವಿವರವಾಗಿ ಹೇಳಿದ ವಿಡಿಯೋ ಚಾನೆಲ್‌ನಲ್ಲಿದೆ, ನೋಡಿಲ್ಲ ಅಂದ್ರೆ ಇದು ಮುಗಿದ ತಕ್ಷಣ ನೋಡಿ. ಸಬ್‌ಸ್ಕ್ರೈಬ್ ಮಾಡದೆ ನೋಡ್ತಿರೋರು ಬಹಳ ಜನ ಇದ್ದೀರಿ, ಈಗಲೇ ಒತ್ತಿಬಿಡಿ.

ಎಲ್ಲಿದ್ದೆ? ಹಾಂ, ಬೆವರು. ಬೆವರಿಗೆ ಎಷ್ಟು ಶಕ್ತಿ ಇದೆ ಗೊತ್ತಾ? 1911ರ ಅಂಟಾರ್ಕ್ಟಿಕಾ ಚಳಿಗಾಲ. ದಕ್ಷಿಣ ಧ್ರುವಕ್ಕೆ ಹೊರಟಿದ್ದ ಬ್ರಿಟಿಷ್ ಅನ್ವೇಷಕ ಸ್ಕಾಟ್ ತಂಡದ ಮೂವರು, ವಿಲ್ಸನ್, ಬವರ್ಸ್, ಚೆರ್ರಿ-ಗರಾರ್ಡ್, ಪೆಂಗ್ವಿನ್ ಮೊಟ್ಟೆ ತರೋಕೆ ಕತ್ತಲಲ್ಲೇ ಸ್ಲೆಜ್, ಅಂದ್ರೆ ಹಿಮದ ಮೇಲೆ ಜಾರೋ ಗಾಡಿ, ಎಳೆದುಕೊಂಡು ಕೇಪ್ ಕ್ರೋಜಿಯರ್‌ಗೆ ಹೊರಟ್ರು. ಒಂದು ದಿನ ತಾಪಮಾನ ಮೈನಸ್ 60 ಡಿಗ್ರಿ. ಮೈಯಿಂದ ಬಂದ ಬೆವರು, ಉಸಿರಿನ ತೇವ ಎಲ್ಲಾ ಬಟ್ಟೆಯಲ್ಲೇ ನಿಂತು ಹೆಪ್ಪುಗಟ್ಟಿತು. ಒಂದು ಬೆಳಿಗ್ಗೆ ಚೆರ್ರಿ-ಗರಾರ್ಡ್ ಡೇರೆಯಿಂದ ಹೊರಗೆ ಬಂದು ಸುತ್ತ ನೋಡೋಕೆ ತಲೆ ಎತ್ತಿದರು. ಕೆಳಗಿಳಿಸೋಕೆ ಆಗಲಿಲ್ಲ. ಬಟ್ಟೆ ಅಷ್ಟರಲ್ಲೇ ಗಟ್ಟಿಯಾಗಿಬಿಟ್ಟಿತ್ತು. ನಾಲ್ಕು ಗಂಟೆ ಕಾಲ ತಲೆ ಎತ್ತಿಕೊಂಡೇ ಸ್ಲೆಜ್ ಎಳೆದರು. ಒಳಗೆ ಅವರು ಹಾಕಿದ್ದು ಉಣ್ಣೆ. ಉಣ್ಣೆಗೇ ಬೆವರು ಈ ಗತಿ ತಂದಿತು ಅಂದ ಮೇಲೆ ಕಾಟನ್ ಪರ ವಾದ ಮಾಡೋಕೆ ಬಾಯಾದ್ರೂ ಹೇಗೆ ಬರುತ್ತೆ?

"ನನ್ನ ಹತ್ರ ಗೋರ್‌ಟೆಕ್ಸ್ ಜಾಕೆಟ್ ಇದೆ, ಒಳಗೆ ಏನು ಹಾಕಿದ್ರೇನು?" ಇದು ದುಡ್ಡು ಸುರಿದವರ ವಾದ. ಗೋರ್‌ಟೆಕ್ಸ್ ಅಂದ್ರೆ ಜಾಕೆಟ್ ಬಟ್ಟೆಯೊಳಗೆ ಕೂರಿಸೋ ಒಂದು ತೆಳು ಪದರ, ಬಾಬ್ ಗೋರ್ 1969ರಲ್ಲಿ ಅದನ್ನ ಕಂಡುಹಿಡಿದರು. ಅದರ ರಂಧ್ರಗಳಿಂದ ನೀರಿನ ಹನಿ ದಾಟಲ್ಲ, ಆವಿ ದಾಟುತ್ತೆ. ಗಮನ ಇಡಿ, ದಾಟೋದು ಆವಿ. ನಿಮ್ಮ ಬನಿಯನ್ ಬೆವರನ್ನ ನೀರಾಗಿಯೇ ಹಿಡಿದು ಕೂತಿದ್ರೆ ಪಾಪ ಆ ಜಾಕೆಟ್ ಏನು ಮಾಡುತ್ತೆ? ಅಷ್ಟು ಒಳ್ಳೆ ಜಾಕೆಟ್ ತಗೊಂಡು ಅದರ ಕೆಲಸವನ್ನ ನೀವೇ ಕೆಡಿಸ್ತಿದ್ದೀರಿ. ಕಂಕುಳಲ್ಲಿ ಜಿಪ್ ಇರುತ್ತಲ್ಲ, ಅದನ್ನಾದ್ರೂ ತೆಗೀರಿ. ಇಳಿಯುವಾಗ ತೆಗೀರಿ, ಲಿಫ್ಟ್ ಮೇಲೆ ಕೂರೋ ಮೊದಲು ಹಾಕಿ. ಆ ಜಿಪ್‌ನ ಮುಟ್ಟಿಯೂ ನೋಡದೆ ಸೀಸನ್ ಪೂರ್ತಿ ಕಳೆಯೋರನ್ನ ನಾನು ಬಲ್ಲೆ.

ಇನ್ನು "ಜಾಸ್ತಿ ಹಾಕಿದಷ್ಟೂ ಬೆಚ್ಚಗೆ" ಅನ್ನೋರು ಒಮ್ಮೆ ಕ್ರಾಸ್‌ಕಂಟ್ರಿ ಸ್ಕೀ ರೇಸ್ ನೋಡಿ, ಲಿಫ್ಟ್ ಇಲ್ಲದೆ ಏರು-ಇಳಿಜಾರಿನಲ್ಲಿ ಸ್ವಂತ ಬಲದಲ್ಲೇ ಓಡೋ ರೇಸ್ ಅದು. ತಾಪಮಾನ ಮೈನಸ್ 20ಕ್ಕಿಂತ ಕೆಳಗೆ ಹೋದ್ರೆ ರೇಸ್ ಶುರು ಮಾಡಬಾರದು ಅನ್ನೋದು ಅಂತಾರಾಷ್ಟ್ರೀಯ ಸ್ಕೀ ಫೆಡರೇಷನ್ ನಿಯಮ. ಅಂದ್ರೆ ಅದಕ್ಕಿಂತ ಸ್ವಲ್ಪ ಮೇಲಿದ್ರೂ ಓಡ್ತಾರೆ. ಏನು ಹಾಕ್ಕೊಂಡು? ಮೈಗಂಟಿದ ತೆಳ್ಳನೆಯ ಸೂಟು! ಗುರಿ ಮುಟ್ಟಿದ ಮೇಲೆ ಒದ್ದೆ ಬಟ್ಟೆ ಬದಲಾಯಿಸೋಕೆ ಓಡ್ತಾರೆ. ನೀವೂ ಒಂದು ಒಣ ಥರ್ಮಲ್ ಬ್ಯಾಗಲ್ಲಿಟ್ಟುಕೊಂಡು ಮಧ್ಯಾಹ್ನ ಬದಲಾಯಿಸಿ. ಬೆಳಿಗ್ಗೆ ಹೊರಗೆ ಬಂದಾಗ ಸ್ವಲ್ಪ ಚಳಿ ಅನ್ನಿಸ್ಬೇಕು. ನಿಂತಲ್ಲೇ ಬೆಚ್ಚಗಿದ್ರೆ ನೀವು ಜಾಸ್ತಿ ಹಾಕಿದ್ದೀರಿ ಅಂತ ಅರ್ಥ, ಎರಡನೇ ಇಳಿಜಾರಿಗೇ ನೆನೀತೀರಿ.

ಥರ್ಮಲ್ ಅಂತ ಕೊಂಡಿದ್ದೀರಾ? ಲೇಬಲ್ ತೆಗೆದು ಓದಿ. ಚೌಕಚೌಕ ನೇಯ್ಗೆಯ ಎಷ್ಟೋ ಥರ್ಮಲ್‌ಗಳು ಪೂರ್ತಿ ಕಾಟನ್. ಬಿದಿರಿನ ಬಟ್ಟೆ ಅಂತ ಮಾರೋದು ಬಹುಪಾಲು ವಿಸ್ಕೋಸ್, ಅಂದ್ರೆ ಗಿಡದ ತಿರುಳನ್ನ ರಾಸಾಯನಿಕದಲ್ಲಿ ಕರಗಿಸಿ ಮಾಡಿದ ಎಳೆ, ಅದು ಕಾಟನ್‌ಗಿಂತ ಜಾಸ್ತಿ ತೇವ ಕುಡಿಯುತ್ತೆ. ಹೂಡಿ, ಜೀನ್ಸ್ ವಿಷಯ ಎತ್ತಲೇಬೇಡಿ. ಜೀನ್ಸ್ ಹಾಕ್ಕೊಂಡು ಹಿಮದಲ್ಲಿ ಕೂತವರನ್ನ ಕಂಡರೆ ನನಗೆ ಓಡಿಹೋಗಿ ಎಬ್ಬಿಸ್ಬೇಕು ಅನ್ನಿಸುತ್ತೆ. ಮಕ್ಕಳಿಗೆ ಮೇಲೆ ಬಣ್ಣಬಣ್ಣದ ಸ್ಕೀ ಸೂಟು ತೊಡಿಸಿ ಒಳಗೆ ದಿನಾ ಹಾಕೋ ಕಾಟನ್ ಟೀ ಶರ್ಟೇ ಬಿಟ್ಟಿರ್ತಾರೆ. ಅಮ್ಮಂದಿರೇ, ಅಪ್ಪಂದಿರೇ, ಕೈಮುಗೀತೀನಿ. ಮಗು ಅಳೋದು ಹಠಕ್ಕಲ್ಲ. ಅದರ ಬೆನ್ನಿಗೆ ಕೈ ಹಾಕಿ ನೋಡಿ.

ಸಾಕ್ಸ್ ಎರಡು ಜೊತೆ ಹಾಕ್ಲಾ ಅಂತ ಕೇಳಿದ್ದೀರಿ. ಬೇಡ. ಬೂಟೊಳಗೆ ಕಾಲು ಬಿಗಿಯಾಗಿ ರಕ್ತ ಓಡಲ್ಲ, ಬೆರಳು ಇನ್ನೂ ತಣ್ಣಗಾಗುತ್ತೆ. ಒಂದೇ ತೆಳ್ಳನೆಯ ಉಣ್ಣೆಯದು ಹಾಕಿ, ಥರ್ಮಲ್ ಪ್ಯಾಂಟ್‌ನ ಅಂಚು ಬೂಟೊಳಗೆ ತುರುಕಬೇಡಿ. ರಾತ್ರಿ ಬೂಟಿನ ಒಳಪದರ ಒಣಗಿಸಿ. ಕಾಟನ್ ಸಾಕ್ಸಾ? ನಾನು ಇಷ್ಟು ಹೊತ್ತು ಯಾರ ಜೊತೆ ಮಾತಾಡ್ತಿದ್ದೆ?

"ಶಾಖದ ಅರ್ಧ ಭಾಗ ತಲೆಯಿಂದಲೇ ಹೋಗುತ್ತೆ, ಟೋಪಿ ಸರಿಯಿದ್ರೆ ಸಾಕು." ಸುಳ್ಳು. ತಲೆ ದೇಹದ ಮೇಲ್ಮೈಯಲ್ಲಿ ನೂರಕ್ಕೆ ಹತ್ತರ ಆಸುಪಾಸು, ಶಾಖ ಹೋಗೋದೂ ಹೆಚ್ಚುಕಡಿಮೆ ಅಷ್ಟೇ. ಟೋಪಿ ಹಾಕಿ, ಬೇಡ ಅನ್ನಲ್ಲ. ಆದ್ರೆ ಬನಿಯನ್ ಬಿಚ್ಚಿ.

"ನಾನು ವರ್ಷಗಟ್ಟಲೆ ಕಾಟನ್ ಹಾಕ್ಕೊಂಡೇ ಆಡ್ತಿದ್ದೀನಿ, ಏನೂ ಆಗಿಲ್ಲ." ಬಿಸಿಲಿನ ದಿನ ಆಡಿರ್ತೀರಿ ಸ್ವಾಮಿ! ಮೋಡ ಕವಿದು, ಗಾಳಿ ಎದ್ದು, ಲಿಫ್ಟ್ ಮಧ್ಯದಲ್ಲಿ ನಿಂತ ದಿನ ಹೇಳಿ ನನಗೆ. "ನಾನು ಬೆವರೋದೇ ಇಲ್ಲ." ಬೆವರ್ತೀರಿ. "ಒಂದೇ ಒಂದು ಬನಿಯನ್?" ಬೇಡ. "ತೆಳ್ಳಗಿದೆ ಸರ್." ಬೇಡ. "ಅರ್ಧ ಕಾಟನ್, ಅರ್ಧ ಪಾಲಿಯೆಸ್ಟರ್?" ಅಯ್ಯೋ, ಬೇಡ ಅಂದೆನಲ್ಲ!

ಸರಿ, ಒಂದು ಕೆಲಸ ಮಾಡಿ. ನಿಮ್ಮ ಒಳಬಟ್ಟೆಯ ಲೇಬಲ್ ಫೋಟೋ ತೆಗೆದು ನಮ್ಮ ಮೆಂಬರ್ಸ್ ಗ್ರೂಪ್‌ಗೆ ಹಾಕಿ. ಲಿಂಕ್ ಕೆಳಗಿದೆ, ಸೇರದೇ ಇರೋರು ಸೇರಿ. ಭಾನುವಾರದ ಲೈವ್‌ನಲ್ಲಿ ಒಂದೊಂದಾಗಿ ಓದ್ತೀನಿ, ಯಾವುದನ್ನ ಹಿಮಕ್ಕೆ ಹಾಕ್ಬೇಕು, ಯಾವುದನ್ನ ಮನೆಯಲ್ಲೇ ಮಡಚಿಡಬೇಕು ಅಂತ ನೇರವಾಗಿ ಹೇಳ್ತೀನಿ. ಎರಡು ಬನಿಯನ್ ಅಂತ ಬರೆದ ಆ ಸಹೋದರರೇ, ನೀವೂ ಬನ್ನಿ, ನಿಮ್ಮದನ್ನೇ ಮೊದಲು ಓದ್ತೀನಿ.