ಸ್ಪರ್ಧೆ ಮುಗಿದ ಮರುದಿನದಿಂದ

ಹಿರಿಯರೇ, ಸಂಗೀತ ವಿದ್ಯಾರ್ಥಿಗಳೇ, ಅವರನ್ನು ಇಲ್ಲಿಗೆ ಕರೆತಂದಿರುವ ತಂದೆತಾಯಿಗಳೇ,

ಕನ್ನಡದ ‘ಸರಿಗಮಪ’ದಲ್ಲಿ ತೀರ್ಪುಗಾರರ ಕುರ್ಚಿಯಲ್ಲಿ ವಿಜಯ್ ಪ್ರಕಾಶ್ ಅವರನ್ನು ನೋಡುತ್ತ ಬೆಳೆದ ಅನೇಕ ಮಕ್ಕಳಿಗೆ, ಮೈಸೂರಿನ ಇದೇ ಗಾಯಕರು 1999ರಲ್ಲಿ ಜೀ ಟಿವಿಯ ಹಿಂದಿ ‘ಸರಿಗಮ’ದಲ್ಲಿ ಸ್ಪರ್ಧಿಯಾಗಿ ನಿಂತು ಅಂತಿಮ ಹಂತದವರೆಗೆ ಬಂದಿದ್ದರೆಂಬುದು ತಿಳಿದಿರಲಾರದು. ಕನ್ನಡಿಗರ ಮನೆಮನೆಗೆ ಅವರ ದನಿ ತಲುಪಿದ್ದು 2008ರಲ್ಲಿ, ‘ಗಾಳಿಪಟ’ದ ‘ಕವಿತೆ ಕವಿತೆ’ಯಿಂದ, ಅದೇ ವರ್ಷ ಎ.ಆರ್. ರೆಹಮಾನ್ ಅವರ ‘ಜೈ ಹೋ’ದಲ್ಲಿಯೂ ಅವರು ಹಾಡಿದರು. ನಡುವಿನ ಆ ಒಂಬತ್ತು ವರ್ಷಗಳ ಕುರಿತು ಮಾತನಾಡುವುದು ನನಗೆ ಮುಖ್ಯವೆನಿಸುತ್ತದೆ.

ಆ ಅವಧಿಯಲ್ಲಿ ಅವರು ಮುಂಬೈಯಲ್ಲಿ ಜಾಹೀರಾತುಗಳ ಜಿಂಗಲ್‌ಗಳನ್ನು ಹಾಡಿದರು. 2004ರಲ್ಲಿ ‘ಸ್ವದೇಸ್’ ಚಿತ್ರದ ಹಾಡೊಂದರಲ್ಲಿ ಅವಕಾಶ ದೊರೆಯಿತು. ಜಿಂಗಲ್ ಎಂದರೆ ಕೆಳದರ್ಜೆಯ ಕೆಲಸವೆಂಬ ಭಾವನೆ ನಮ್ಮಲ್ಲಿದೆ; ನಾನು ಅದನ್ನು ಒಪ್ಪುವುದಿಲ್ಲ. ಅರ್ಧ ನಿಮಿಷದೊಳಗೆ ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು, ಭಾವವೂ ಮೂಡಬೇಕು, ಕೇಳಿದ ಕೂಡಲೇ ಹೊಸ ರಾಗಸಂಯೋಜನೆ ಗಂಟಲಿಗೆ ಹತ್ತಬೇಕು.

ಸ್ಪರ್ಧೆ ಕಲಿಸದಿರುವುದು ಇದನ್ನೇ. ಅಲ್ಲಿ ಬಹುಪಾಲು ಹಾಡುವುದು ಈಗಾಗಲೇ ಜನಪ್ರಿಯವಾದ ಗೀತೆಗಳನ್ನು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಅಕ್ಷರದ ಮೇಲೆ ಗಮಕ, ಅಂದರೆ ಸ್ವರದ ಬಳುಕು, ಬೀಳಬೇಕು ಎಂಬುದನ್ನು ಮೂಲ ಗಾಯಕರು ಹಾಡಿ ತೋರಿಸಿರುತ್ತಾರೆ. ಸ್ಟುಡಿಯೋದಲ್ಲಿ ಅಂತಹ ಆಸರೆ ಇರುವುದಿಲ್ಲ. ಹೆಡ್‌ಫೋನಿನಲ್ಲಿ ತಾಳದ ಟಿಕ್ ಟಿಕ್ ಸದ್ದು, ಎದುರಿಗೆ ಈಗಷ್ಟೇ ತನ್ನ ಕೈಯಲ್ಲೇ ಬರೆದುಕೊಂಡ ಪಲ್ಲವಿ, ಗಾಜಿನಾಚೆ ‘ಇನ್ನೊಂದು ಟೇಕ್’ ಎನ್ನುವ ಸಂಗೀತ ನಿರ್ದೇಶಕರು. ಎಷ್ಟೋ ಸಲ ಹೊಸಬರು ಹಾಡುವುದು ಬರೀ ಟ್ರ್ಯಾಕ್. ಅದನ್ನು ಕೇಳಿಕೊಂಡು ಹೆಸರಾಂತ ಗಾಯಕರು ಬಂದು ಹಾಡುತ್ತಾರೆ, ಮೊದಲ ದನಿ ಅಳಿಸಿಹೋಗುತ್ತದೆ. ಆ ನೋವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೂ ಟ್ರ್ಯಾಕ್ ಹಾಡಿದ ಕಂಠ ಅಲ್ಲಿ ಕಲಿತ ಪಾಠವನ್ನು ಮರೆಯುವುದಿಲ್ಲ.

‘ಸರಿಗಮ’ದ ಮಕ್ಕಳ ವಿಭಾಗದಲ್ಲಿ ಗೆದ್ದ ಶ್ರೇಯಾ ಘೋಷಾಲ್ ಅವರಿಗೆ 2002ರ ‘ದೇವದಾಸ್’ ಚಿತ್ರದಿಂದಲೇ ರಾಷ್ಟ್ರಪ್ರಶಸ್ತಿ ಬಂದಿತೆಂಬುದು ನಿಜ. ಅಂತಹ ಯೋಗ ಎಲ್ಲರಿಗೂ ಕೂಡಿಬರುವುದಿಲ್ಲ. 2005ರ ‘ಫೇಮ್ ಗುರುಕುಲ್’ ಎಂಬ ಟಿವಿ ಗಾಯನ ಸ್ಪರ್ಧೆಯಲ್ಲಿ ಫೈನಲ್‌ಗೂ ಮೊದಲೇ ಹೊರಬಿದ್ದ ಅರಿಜಿತ್ ಸಿಂಗ್, ಪ್ರೀತಮ್ ಮೊದಲಾದ ಸಂಗೀತ ನಿರ್ದೇಶಕರ ಬಳಿ ಕಂಪ್ಯೂಟರಿನಲ್ಲಿ ವಾದ್ಯಸಂಗೀತ ಜೋಡಿಸುವ ಮ್ಯೂಸಿಕ್ ಪ್ರೋಗ್ರಾಮರ್ ಆಗಿ ದುಡಿದು, 2013ರ ‘ತುಮ್ ಹೀ ಹೋ’ ಹಾಡು ಬರುವವರೆಗೆ ಎಂಟು ವರ್ಷ ಕಾದರು.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿಯಿದೆ. ಟಿವಿಯಲ್ಲಿ ಮುಖ ಕಂಡ ಕೂಡಲೇ ಗಣೇಶೋತ್ಸವ, ಊರಹಬ್ಬ, ರಾಜ್ಯೋತ್ಸವಗಳ ಆರ್ಕೆಸ್ಟ್ರಾಗಳಿಂದ ಕರೆಗಳು ಬರುತ್ತವೆ, ಸಂಭಾವನೆಯೂ ಬರುತ್ತದೆ, ಹೋಗಲಿ, ಹಾಡಲಿ. ಆದರೆ ಹದಿನಾಲ್ಕರ ಹುಡುಗನ ದನಿ ಒಡೆಯುತ್ತಿರುವಾಗ, ಅವನಿಗೆ ಚಪ್ಪಾಳೆ ತಂದ ಅದೇ ಹಾಡನ್ನು ಅದೇ ಏರು ಶ್ರುತಿಯಲ್ಲಿ ರಾತ್ರಿ ಹನ್ನೊಂದಕ್ಕೆ ಹಾಡಿಸಬೇಡಿ. ಆ ಒಂದೆರಡು ವರ್ಷ ಅವನು ಗುರುಗಳ ಮುಂದೆ ಕುಳಿತು, ತಗ್ಗಿನ ಶ್ರುತಿಯಲ್ಲಿ ಮತ್ತೆ ಸಂಗೀತದ ಮೊದಲ ಪಾಠವಾದ ಸರಳೆವರಸೆಯಿಂದ ಶುರುಮಾಡಲಿ.