ಚಿಲ್ಲರೆ ಕೆಲಸ, ಚಿಲ್ಲರೆ ಕಾಸು

ಸ್ಕ್ರೀನ್ ಮೇಲೆ ಒಂದು ಫೋಟೋ ಕಾಣುತ್ತಿದೆಯಲ್ಲ, ಅದರಲ್ಲಿ ಒಂದು ರಸ್ತೆ, ಎರಡು ಕಾರು, ಕಾರಿನ ಹಿಂದೆ ಅರ್ಧ ಮರೆಯಾದ ಒಂದು ಸೈಕಲ್. ಸೈಕಲ್ ಸುತ್ತ ಚೌಕ ಎಳೆದು ಸಬ್ಮಿಟ್ ಒತ್ತಬೇಕು. ಅಷ್ಟೇ ಕೆಲಸ. ಖಾತೆಗೆ ಒಂದಿಷ್ಟು ಚಿಲ್ಲರೆ ಬಂತು. ಮುಂದಿನ ಫೋಟೋ.

ಇದಕ್ಕೂ ದುಡ್ಡು ಕೊಡುತ್ತಾರಾ ಅನ್ನಿಸುತ್ತದೆ ಅಲ್ವಾ? ಕೊಡುತ್ತಾರೆ. ಸೈಕಲ್ ಹೇಗಿರುತ್ತದೆ ಅಂತ ಕಂಪ್ಯೂಟರಿಗೆ ಮೊದಲು ಮನುಷ್ಯರೇ ತೋರಿಸಿಕೊಡಬೇಕು. ಎಐ ಬೆಳೆಯಲು ದೊಡ್ಡ ಕಾರಣವಾದ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹ 2009ರಲ್ಲಿ ಹೊರಬಂತು. ಅದರ ಫೋಟೋಗಳಲ್ಲಿ ಏನೇನಿದೆ ಅಂತ ಗುರುತಿಸಿದವರು 167 ದೇಶಗಳ ಸುಮಾರು 49 ಸಾವಿರ ಜನ. ಅವರಿಗೆ ಆ ಕೆಲಸ ಸಿಕ್ಕಿದ್ದು ಅಮೆಜಾನ್ 2005ರಲ್ಲಿ ಶುರು ಮಾಡಿದ ಮೆಕ್ಯಾನಿಕಲ್ ಟರ್ಕ್ ಎಂಬ, ಇಂಥ ಚಿಲ್ಲರೆ ಕೆಲಸ ಹಂಚುವ ಆನ್‌ಲೈನ್ ತಾಣದಲ್ಲಿ. ಈಗ ಫೋಟೋ ಮಾತ್ರವಲ್ಲ, ಅವರವರ ಭಾಷೆಯಲ್ಲಿ ವಾಕ್ಯ ಓದಿ ರೆಕಾರ್ಡ್ ಮಾಡುವುದು, ಆಡಿಯೋ ಕೇಳಿ ಟೈಪ್ ಮಾಡುವುದು, ಸರ್ವೇ ತುಂಬುವುದು, ಎಲ್ಲವೂ ಇದೆ.

ಸರಿ, ಎಷ್ಟು ಸಿಗುತ್ತದೆ? ಯೂಟ್ಯೂಬ್ ಥಂಬ್‌ನೇಲ್‌ನಲ್ಲಿ ನೋಟಿನ ಕಂತೆ ಹಿಡಿದು ನಿಂತವರ ಲೆಕ್ಕ ಬಿಡಿ. 2018ರಲ್ಲಿ ಒಂದು ಅಧ್ಯಯನ ಬಂತು. ಮೆಕ್ಯಾನಿಕಲ್ ಟರ್ಕ್‌ನ 2,676 ಜನ ಮಾಡಿದ 38 ಲಕ್ಷ ಕೆಲಸಗಳನ್ನು ಅದರಲ್ಲಿ ನೋಡಿದ್ದರು. ಅರ್ಧದಷ್ಟು ಜನರಿಗೆ ಗಂಟೆಗೆ ಸುಮಾರು 2 ಡಾಲರ್ ಕೂಡ ಗಿಟ್ಟಿರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯಾದ 7.25 ಡಾಲರ್ ದಾಟಿದವರು ನೂರಕ್ಕೆ 4 ಜನ ಮಾತ್ರ. ಕಾರಣ ಬರೀ ಕಡಿಮೆ ರೇಟ್ ಅಲ್ಲ. ಒಳ್ಳೆ ಕೆಲಸ ಹುಡುಕುವ ಹೊತ್ತು, ಅರ್ಧಕ್ಕೆ ಬಿಟ್ಟ ಕೆಲಸ, ಮಾಡಿಯೂ ರಿಜೆಕ್ಟ್ ಆದ ಕೆಲಸ, ಇದಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ. ಅದಕ್ಕೇ ನಾನು ಹುಡುಕಲು ಕೂತ ಕ್ಷಣದಿಂದಲೇ ಟೈಮರ್ ಹಾಕುತ್ತೇನೆ.

ಸರ್ವೇ ವಿಷಯದಲ್ಲಿ ಹೀಗೆ ದುಡ್ಡಿಲ್ಲದೆ ಕಳೆಯುವ ಹೊತ್ತು ಇನ್ನೂ ಜಾಸ್ತಿ. ವಯಸ್ಸು ಕೇಳುತ್ತಾರೆ, ಓದು ಕೇಳುತ್ತಾರೆ, ಮನೆಯಲ್ಲಿ ಎಷ್ಟು ಜನ ಅಂತಲೂ ಕೇಳುತ್ತಾರೆ. ಎಲ್ಲಾ ಹೇಳಿದ ಮೇಲೆ, "ಕ್ಷಮಿಸಿ, ಈ ಸರ್ವೇ ನಿಮಗೆ ಹೊಂದುವುದಿಲ್ಲ." ಅಲ್ಲಾ ಸ್ವಾಮಿ, ಮೊದಲೇ ಹೇಳಬಾರದಿತ್ತಾ? ನನಗೆ ಸಂಶೋಧಕರು ನಡೆಸುವ ಅಧ್ಯಯನಗಳೇ ವಾಸಿ. 2014ರಲ್ಲಿ ಶುರುವಾದ ಪ್ರೊಲಿಫಿಕ್‌ನಂಥ ಕಡೆ ನಮ್ಮ ವಿವರ ಒಮ್ಮೆ ತುಂಬಿಟ್ಟರೆ ನಮಗೆ ಹೊಂದುವ ಅಧ್ಯಯನ ಮಾತ್ರ ಕಣ್ಣಿಗೆ ಬೀಳುತ್ತದೆ. ಪ್ರಶ್ನೆ ಓದದೆ ಸುಮ್ನೆ ಒತ್ತಿಕೊಂಡು ಹೋಗಬೇಡಿ. "ಇಲ್ಲಿ ಮೂರನೇ ಉತ್ತರವನ್ನೇ ಆರಿಸಿ" ಅಂತ ನಡುವೆ ಒಂದು ಪ್ರಶ್ನೆ ಇಟ್ಟಿರುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ದುಡ್ಡೂ ಹೋಯಿತು, ಹೆಸರೂ ಹೋಯಿತು.

ಸೇರುವ ಮೊದಲೇ ಇನ್ನೊಂದು ನೋಡಿಕೊಳ್ಳಿ. ಕನಿಷ್ಠ ಎಷ್ಟು ಸೇರಿದರೆ ಹಣ ಹಿಂತೆಗೆಯಬಹುದು, ಬ್ಯಾಂಕಿಗೇ ಬರುತ್ತದೋ ಬರೀ ಗಿಫ್ಟ್ ಕಾರ್ಡೋ, ನಡುವೆ ಎಷ್ಟು ಕಡಿತ. ನಾನಂತೂ ಮಿತಿ ಮುಟ್ಟಿದ ತಕ್ಷಣ ತೆಗೆದುಬಿಡುತ್ತೇನೆ.

ಇನ್ನು, ಗೊತ್ತಿಲ್ಲದ ನಂಬರಿನಿಂದ ಬರುವ ಆ ಮೆಸೇಜ್. "ವಿಡಿಯೋ ಲೈಕ್ ಮಾಡಿ, ಮನೆಯಲ್ಲೇ ಕೂತು ಸಂಪಾದಿಸಿ." ಮೊದಲು ಸ್ವಲ್ಪ ಹಣ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬರಲಿ ಅಂತ. ಆಮೇಲೆ ಗ್ರೂಪಿಗೆ ಸೇರಿಸುತ್ತಾರೆ. ಅಲ್ಲಿ ಎಲ್ಲರೂ ತಮಗೆ ಬಂದ ದುಡ್ಡಿನ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಅವರಲ್ಲಿ ಬಹುತೇಕರು ಮೋಸಗಾರರ ಕಡೆಯವರೇ. ಮುಂದಿನ ಟಾಸ್ಕ್‌ಗೆ ನೀವೇ ದುಡ್ಡು ಕಟ್ಟಬೇಕು. ಆ್ಯಪ್‌ನಲ್ಲಿ ನಿಮ್ಮ ಗಳಿಕೆ ಏರುತ್ತಲೇ ಇರುತ್ತದೆ, ತೆಗೆಯಲು ಹೋದರೆ ಟ್ಯಾಕ್ಸ್ ಕಟ್ಟಿ ಅನ್ನುತ್ತದೆ. ಅಮೆರಿಕದಲ್ಲಿ ಗ್ರಾಹಕರ ದೂರು ಪಡೆಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ ಇಂಥ ಟಾಸ್ಕ್ ಮೋಸದ ಬಗ್ಗೆ 2020ರಲ್ಲಿ ಒಂದೂ ದೂರು ಬಂದಿರಲಿಲ್ಲ. 2023ರಲ್ಲಿ 5 ಸಾವಿರ ಬಂತು. 2024ರ ಮೊದಲ ಆರೇ ತಿಂಗಳಲ್ಲಿ ಸುಮಾರು 20 ಸಾವಿರ!

ಕೆಲಸ ಕೊಡುವವರು ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಈಗಾಗಲೇ ಕಟ್ಟಿದ್ದರೆ, ಹೋದದ್ದನ್ನು ವಾಪಸ್ ತರಲು ಅಂತ ಮತ್ತೆ ಕಟ್ಟಬೇಡಿ. ಚಾಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾಳೆ ನೋಡೋಣ ಅನ್ನದೆ ಬ್ಯಾಂಕಿಗೆ ಕೂಡಲೇ ಫೋನ್ ಮಾಡಿ, ಆಮೇಲೆ ಪೊಲೀಸರಿಗೆ.