ಟೀಮ್‌ನ ಕೆಟ್ಟ ಸುದ್ದಿ ಲೀಡರ್‌ಗೆ ಯಾಕೆ ಕೊನೆಗೆ ಗೊತ್ತಾಗುತ್ತದೆ?

(ನಿರೂಪಕರು ನೇರವಾಗಿ ಕ್ಯಾಮೆರಾ ನೋಡುತ್ತಾ)

ನಮಸ್ಕಾರ. ಕೆಲಸ ಹೇಳಿದ ದಿನಕ್ಕೆ ಮುಗಿಯುವುದಿಲ್ಲ ಅಂತ ಟೀಮ್‌ನಲ್ಲಿ ಮೊದಲು ಗೊತ್ತಾಗುವುದು ಯಾರಿಗೆ? ಆ ಕೆಲಸ ಮಾಡುತ್ತಿರುವವರಿಗೆ. ಕೊನೆಗೆ? ಹೆಚ್ಚಿನ ಸಲ ಲೀಡರ್‌ಗೆ. ಅಷ್ಟು ಹೊತ್ತಿಗೆ ಸರಿಪಡಿಸಲು ಸಮಯವೇ ಉಳಿದಿರುವುದಿಲ್ಲ. ಟೀಮ್ ನಡೆಸುತ್ತಾ ನಾನು ಕಲಿತ ಪಾಠಗಳಲ್ಲಿ ಇದನ್ನೇ ಮೊದಲು ಇಡುತ್ತೇನೆ. ಕೆಟ್ಟ ಸುದ್ದಿ ಬೇಗ ಬರುವ ಹಾಗೆ ನೋಡಿಕೊಳ್ಳುವುದು ಲೀಡರ್‌ನ ಕೆಲಸ.

(ಸ್ಕ್ರೀನ್ ಮೇಲೆ: ಟೆನೆರಿಫ್, ಮಾರ್ಚ್ 27, 1977)

ಈ ವಿಷಯವನ್ನು ವಿಮಾನಯಾನದವರು ತುಂಬಾ ದೊಡ್ಡ ಬೆಲೆ ತೆತ್ತು ಕಲಿತರು. ಸ್ಪೇನ್‌ನ ಟೆನೆರಿಫ್ ದ್ವೀಪ. ರನ್‌ವೇ ತುಂಬಾ ದಟ್ಟ ಮಂಜು. ಕೆಎಲ್‌ಎಂ ಕಂಪನಿಯ ವಿಮಾನ ಹೊರಟಿತು. ಪ್ಯಾನ್ ಆ್ಯಮ್ ವಿಮಾನ ಇನ್ನೂ ಅದೇ ರನ್‌ವೇ ಮೇಲಿತ್ತು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಪ್ಯಾನ್ ಆ್ಯಮ್ ವಿಮಾನ ರನ್‌ವೇ ಬಿಟ್ಟಿಲ್ಲವೇ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಆ ಕ್ಯಾಪ್ಟನ್ ಕಂಪನಿಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎರಡೂ ವಿಮಾನ ಡಿಕ್ಕಿಯಾದವು. 583 ಜನ ಸತ್ತರು.

ಮಂಜು, ರೇಡಿಯೋ ಗೊಂದಲ ಹೀಗೆ ಕಾರಣಗಳು ಹಲವು. ಆದರೆ ಸರಿಯಾದ ಅನುಮಾನ ಒಬ್ಬರ ಬಾಯಿಗೆ ಬಂದಿತ್ತು, ಅದು ಅಲ್ಲೇ ನಿಂತುಹೋಯಿತು. ಈ ಅಪಘಾತ ಮತ್ತು ಇಂಥ ಇನ್ನೂ ಕೆಲವು ಅಪಘಾತಗಳ ನಂತರ, 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್‌ನಲ್ಲಿ ಕಿರಿಯರು ಗಟ್ಟಿಯಾಗಿ ಮಾತಾಡಬೇಕು, ಕ್ಯಾಪ್ಟನ್ ಕೇಳಿಸಿಕೊಳ್ಳಬೇಕು ಅನ್ನುವ ತರಬೇತಿ ಬೆಳೆದದ್ದು ಅಲ್ಲಿಂದ. ಇವತ್ತು ಪ್ರಪಂಚದ ಎಲ್ಲ ಕಡೆ ಪೈಲಟ್‌ಗಳು ಅದನ್ನು ಕಲಿಯುತ್ತಾರೆ.

(ಸ್ಕ್ರೀನ್ ಮೇಲೆ: ಆಸ್ಪತ್ರೆಯ ವಾರ್ಡ್)

ನಮ್ಮ ಆಫೀಸಿನಲ್ಲಿ ಯಾರ ಜೀವವೂ ಹೋಗುವುದಿಲ್ಲವಲ್ಲ ಅನ್ನಬಹುದು. ಆದರೆ ಮನುಷ್ಯರು ಬಾಯಿ ಮುಚ್ಚಿಕೊಳ್ಳುವ ಕಾರಣ ಎಲ್ಲೂ ಅದೇ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ಟೀಮ್‌ಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಉಲ್ಟಾ! ಒಳ್ಳೆಯ ಟೀಮ್‌ಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಆ ಟೀಮ್‌ಗಳು ತಮ್ಮ ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದವು, ಉಳಿದವು ಮುಚ್ಚಿಡುತ್ತಿದ್ದವು ಅಂತ ಅವರಿಗೆ ಆಮೇಲೆ ಹೊಳೆಯಿತು. ಹಾಗಾಗಿ ನಿಮ್ಮ ಟೀಮ್‌ನಿಂದ ತಿಂಗಳುಗಟ್ಟಲೆ ಒಂದೂ ತೊಂದರೆ ಕೇಳಿಬಂದಿಲ್ಲ ಅಂದರೆ ಖುಷಿಪಡಬೇಡಿ, ಸ್ವಲ್ಪ ವಿಚಾರಿಸಿ.

(ನಿರೂಪಕರು)

ಹೆದರಿಕೆ ಹೇಗೆ ಹುಟ್ಟುತ್ತದೆ? ಬೈಗುಳದಿಂದ ಮಾತ್ರ ಅಲ್ಲ. ಯಾರೋ ಬಂದು "ಇದು ತಡವಾಗುತ್ತದೆ ಅನ್ನಿಸುತ್ತಿದೆ" ಅನ್ನುತ್ತಾರೆ. ನೀವು ಒಂದು ನಿಟ್ಟುಸಿರು ಬಿಡುತ್ತೀರಿ. ಅಥವಾ "ಇದನ್ನ ಮೊದಲೇ ಹೇಳಬೇಕಿತ್ತು ಅಲ್ವಾ?" ಅನ್ನುತ್ತೀರಿ. ಮುಗಿಯಿತು. ಅವರು ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ, ಸುತ್ತ ಕೂತು ನೋಡಿದವರೂ ಅದೇ ಪಾಠ ಕಲಿಯುತ್ತಾರೆ. "ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ" ಅಂತ ಸುಮ್ನೆ ಹೇಳಿದರೆ ಇದು ಸರಿಹೋಗುವುದಿಲ್ಲ.

ಟೊಯೋಟಾ ಕಾರ್ಖಾನೆಯಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಕೆಲಸಗಾರರು ಒಂದು ಹಗ್ಗ ಎಳೆಯುತ್ತಿದ್ದರು. ಟೀಮ್ ಲೀಡರ್ ಅವರಿದ್ದಲ್ಲಿಗೇ ಬರಬೇಕು. ತೊಂದರೆ ಬೇಗ ಬಗೆಹರಿಯದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಹಗ್ಗ ಎಳೆಯುವುದು ಅಲ್ಲಿ ದೂರು ಅಲ್ಲ, ದಿನದ ಕೆಲಸ. ನನಗೆ ಇದರಲ್ಲಿ ತುಂಬಾ ಹಿಡಿಸುವುದು ಲೀಡರ್ ಎದ್ದು ಹೋಗುವುದು. ಸಹಾಯ ಕೇಳಿದವರು ಕ್ಯಾಬಿನ್ ಮುಂದೆ ಕಾಯಬೇಕಾಗಿಲ್ಲ.

(ಸ್ಕ್ರೀನ್ ಮೇಲೆ: 5 ಜನ, 10 ಜೋಡಿ. 10 ಜನ, 45 ಜೋಡಿ)

ಟೀಮ್ ಗಾತ್ರದ ಬಗ್ಗೆ ಒಂದೇ ಮಾತು. 5 ಜನರ ನಡುವೆ ಮಾತಾಡುವ ಜೋಡಿಗಳು 10. ಜನ 10 ಆದರೆ ಜೋಡಿಗಳು 45. ಸುದ್ದಿ ಸಿಕ್ಕಿಹಾಕಿಕೊಳ್ಳುವ ಜಾಗಗಳೂ ಹಾಗೇ ಹೆಚ್ಚುತ್ತವೆ. ತಡವಾದ ಕೆಲಸಕ್ಕೆ ಇನ್ನೂ ನಾಲ್ಕು ಜನರನ್ನು ಸೇರಿಸುವ ಮುಂಚೆ ಈ ಲೆಕ್ಕ ನೋಡಿ.

(ನಿರೂಪಕರು)

ಮೀಟಿಂಗ್‌ನಲ್ಲಿ ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ನೀವು ಮೊದಲು ಹೇಳಿದರೆ ಉಳಿದವರು ತಲೆಯಾಡಿಸುತ್ತಾರೆ, ಅಷ್ಟೇ. ಹೊಸದಾಗಿ ಸೇರಿದವರಿಂದ ಶುರುಮಾಡಿ. "ಎಲ್ಲ ಸರಿಯಿದೆಯಾ?" ಅಂತ ಕೇಳಬೇಡಿ, ಅದಕ್ಕೆ ಬರುವುದು ಹೌದು ಅನ್ನುವ ಉತ್ತರ. "ಇದು ಕೆಟ್ಟರೆ ಎಲ್ಲಿಂದ ಕೆಡಬಹುದು?" ಅಂತ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಮೌನ ಸ್ವಲ್ಪ ಕಷ್ಟ ಆಗುತ್ತದೆ, ಆದರೂ ನೀವೇ ಉತ್ತರ ತುಂಬಬೇಡಿ.

ಹಾಗಂತ ಬಂದ ಪ್ರತಿ ಸಲಹೆಗೂ ಒಪ್ಪಬೇಕಾಗಿಲ್ಲ. ತೀರ್ಮಾನ ನಿಮ್ಮದೇ. ಆದರೆ ಒಪ್ಪದಿದ್ದಾಗ ಯಾಕೆ ಅಂತ ಸಲಹೆ ಕೊಟ್ಟವರಿಗೇ ಹೇಳಿ, ಅದೇ ವಾರದಲ್ಲಿ. ಅವರ ಮಾತಿನಿಂದ ಏನಾದರೂ ಬದಲಾಗಿದ್ದರೆ ಅದನ್ನು ಎಲ್ಲರ ಮುಂದೆ, ಅವರ ಹೆಸರು ಹಿಡಿದು ಹೇಳಿ.